ಬಾಯಿ ಮುಚ್ಚಿಸಿ ಭಾಷೆ ಕಲಿಸಿದವರು

ನನ್ನ ಸೋದರಮಾವನಷ್ಟು ಮಾತಾಡುವವರು ಇಡೀ ಮೈಸೂರಿನಲ್ಲಿ ಇರಲಿಲ್ಲ. ಮಾತಾಡುತ್ತಿದ್ದುದು ಒಂದೇ ವಿಷಯ: ಯಾರೂ ಮಾತಾಡಬಾರದು!

ತೊಂಬತ್ತರ ದಶಕ. ಹೊರರಾಜ್ಯದವರಿಗೆ ಕನ್ನಡ ಕಲಿಸುವ ಮೇಷ್ಟ್ರುಗಳಿಗೆ ತರಬೇತಿ ಕೊಡುವುದು ಮಾವನ ಕೆಲಸ. ಎರಡನೆಯ ಭಾಷೆ ಮನುಷ್ಯನ ತಲೆಗೆ ಹೇಗೆ ಇಳಿಯುತ್ತದೆ ಎಂಬ ಸಂಶೋಧನೆಗಳನ್ನೆಲ್ಲ ಓದಿದ್ದರು. ಓದಿದವರು ಬೇಕಾದಷ್ಟು ಜನ, ನಂಬಿದ್ದು ಇವರೊಬ್ಬರೇ. ಕಲಿಯುವವರು ಮೊದಲು ಸುಮ್ಮನೆ ಕೇಳಿಸಿಕೊಳ್ಳಲಿ, ಮಾತು ತಾನಾಗಿ ಬರುತ್ತದೆ, ತಪ್ಪಿದರೆ ತಿದ್ದಬೇಡಿ. ಇಷ್ಟೇ ಅವರ ಪಾಠ.

ಈ ಪ್ರಯೋಗ ಮೊದಲು ನಡೆದದ್ದು ಚಾಮರಾಜಪುರಂನ ಮನೆಯಲ್ಲಿ. ಅತ್ತೆ ಸೊಲ್ಲಾಪುರದ ಮರಾಠಿಯವರು. ಮದುವೆಯಾಗಿ ಬಂದು ತಿಂಗಳುಗಟ್ಟಲೆ ತುಟಿ ಬಿಚ್ಚಲಿಲ್ಲ. ಅಜ್ಜಿ ‘ಮೂಗಿ’ ಅಂದರು. ಮಾವ, “ಕೇಳಿಸ್ಕೊತಿದಾಳೆ, ಬಿಡಮ್ಮ,” ಅಂದರಂತೆ. ಬಾಯಿ ಬಂದಮೇಲೆ ಅತ್ತೆ ಅಜ್ಜಿಯನ್ನೇ ಮೂಗಿ ಮಾಡಿದರೆನ್ನಿ.

ಕಲಿಯುವವರ ಪಾಡು ಮೇಷ್ಟ್ರುಗಳಿಗೂ ತಿಳಿಯಲಿ ಎಂದು ತರಬೇತಿಯ ಮೊದಲ ವಾರ ಪೂರ್ತಿ ಮಾವ ಮರಾಠಿಯಲ್ಲೇ ಪಾಠ ಮಾಡುತ್ತಿದ್ದರು. ಮೇಷ್ಟ್ರುಗಳು ಉಸಿರೆತ್ತುವಂತಿಲ್ಲ. ಜೀವಮಾನವೆಲ್ಲ ‘ಸದ್ದು!’ ಎಂದು ಗದರಿದವರು ಕೈಕಟ್ಟಿ ಕೂತು ಬೆವರಿದರು. ಕೊನೆಗೆ ಮಾವನಿಗೆ ಹಾರ ಹಾಕಿ, ಕಣ್ಣು ತೆರೆಸಿದಿರಿ ಎಂದು ಕೈಮುಗಿದರು. ಹೋಗಿ ಏನು ಮಾಡಿದರು? ಬನ್ನಿಮಂಟಪದ ಹತ್ತಿರ ತಮ್ಮ ಶಿಷ್ಯನ ತರಗತಿಯ ಕಿಟಕಿಯ ಹೊರಗೆ ನಿಂತು ಮಾವ ಕೇಳಿಸಿಕೊಂಡರು: ‘ಇದು ಮೇಜು, ಅದು ಕುರ್ಚಿ. ಎಲ್ಲರೂ ಹೇಳಿ.’

“ನನ್ನ ತರಬೇತಿ ಮದುವೆ ಊಟ ಇದ್ದಂಗೆ ಕಣೋ. ಹೊಗಳ್ತಾರೆ. ಮನೆಗೆ ಹೋಗಿ ಅದೇ ಸಾರು ಉಣ್ತಾರೆ,” ಅಂದರು ಮಾವ ನನಗೆ.

ತರಬೇತಿ ಮುಂದುವರಿಯಬೇಕೋ ಬೇಡವೋ ನೋಡಲು ಮೇಲಿನಿಂದ ಒಬ್ಬರು ಸಾಹೇಬರು ಬಂದರು. ಮಾವ ಒರಿಸ್ಸಾದ ಒಬ್ಬ ಹುಡುಗಿಗೆ ಮಾದರಿ ಪಾಠ ಮಾಡುತ್ತಿದ್ದರು. ಸಾಹೇಬರು ಹೆಸರು ಕೇಳಿದರೆ ಆಕೆ ನಕ್ಕಳು, ಅಷ್ಟೇ. ಇಷ್ಟು ದಿನ ಏನ್ರೀ ಕಲಿಸಿದಿರಿ ಎಂದು ಸಾಹೇಬರು ಕಾಫಿಗೆ ಕೈ ಚಾಚಿದರು.

“ಸಾಹೇಬರ ಕಾಫಿ ತಗೊಂಡ್ಹೋಗಿ ಹೊರಗಡೆ ಕಲ್ಲುಬೆಂಚಿನ ಮೇಲೆ ಇಟ್ಟು ಬಾಮ್ಮ,” ಅಂದರು ಮಾವ.

ಇಟ್ಟು ಬಂದಳು!

ನಾನು ಅಲ್ಲಿರಲಿಲ್ಲ. ಮಾವನ ಬಾಯಲ್ಲಿ ಅದು ಒಮ್ಮೆ ಕಾಫಿ, ಒಮ್ಮೆ ಬಾದಾಮಿ ಹಾಲು. ಏನೇ ಆಗಿರಲಿ, ಆರಿಹೋಯಿತು. ವಿದ್ಯಾರ್ಥಿಗಳಿಗೆ ಒಂದು ಮಾತೂ ಬರುವುದಿಲ್ಲವೆಂದು ವರದಿಯಾಯಿತು. ತರಬೇತಿ ನಿಂತಿತು. ಮಾವನನ್ನು ಪೀಠೋಪಕರಣ ನೋಡಿಕೊಳ್ಳುವ ವಿಭಾಗಕ್ಕೆ ಹಾಕಿದರು. ಇದು ಮೇಜು, ಅದು ಕುರ್ಚಿ.

ಎರಡು ಸಾವಿರದ ಆಚೆಗೆ, ದಟ್ಟಗಳ್ಳಿಯ ಹೊಸ ಮನೆಯಲ್ಲಿ, ಮಾವ ಮಾತು ಬಿಟ್ಟರು. ನಿವೃತ್ತಿಯಾದ ದಿನದಿಂದ ಎಂದು ನನ್ನ ನೆನಪು. ನೆನಪಿಗೆ ಇಂಥ ಅಚ್ಚುಕಟ್ಟು ಇಷ್ಟ, ನಾನು ನಂಬುವುದಿಲ್ಲ. ಹೋದವರೆಲ್ಲ ಅವರನ್ನು ಮಾತಿಗೆಳೆಯುತ್ತಿದ್ದೆವು. ಹೇಗಿದ್ದೀರಿ ಮಾವ? ನಾನು ಯಾರು ಹೇಳಿ? ನಾವೂ ಥೇಟು ಆ ಬನ್ನಿಮಂಟಪದ ಮೇಷ್ಟ್ರೇ.

ಒಂದು ದಿನ ನಾನು ಹೀಗೆ ಕೇಳುತ್ತಿದ್ದಾಗ ಅಡುಗೆಮನೆಯಿಂದ ಅತ್ತೆ ಬಂದರು.

“ಕೇಳಿಸ್ಕೊತಿದಾರೆ, ಬಿಡಪ್ಪ.”

ಆಮೇಲೆ ಮಾವನ ಕಡೆ ತಿರುಗದೆ, “ಕಾಫಿ ಹೊರಗಡೆ ಇಟ್ಟಿದೀನಿ,” ಅಂದರು.

ಮಾವ ಎದ್ದು ಹೊರಗೆ ಹೋದರು. ಜಗಲಿಯ ಮೇಲೆ ಎರಡು ಲೋಟ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತರು. ನನ್ನನ್ನು ಯಾರೂ ಕರೆಯಲಿಲ್ಲ.