ನಮ್ಮವರು ಹೊಲಿದ ಡೈವಿಂಗ್ ಬ್ಯಾಗು

ನಮ್ಮ ಪುಳ್ಳಿ ಡೈವಿಂಗ್ ಟೀಚರ್ ಆದಳು! ಮಗಳ ಮಗಳು, ನಾನೇ ಎಣ್ಣೆ ತಿಕ್ಕಿ ಮೀಯಿಸಿದ ಹುಡುಗಿ, ಈಜಿಪ್ಟಿಗೆ ಹೋಗಿ ಸಮುದ್ರದೊಳಗೆ ಪಾಠ ಮಾಡುತ್ತಾಳಂತೆ. ಬಾಯಲ್ಲಿ ಪೈಪು ಇಟ್ಟುಕೊಂಡು ಪಾಠ ಹೇಗೆ ಮಾಡುವುದು? ನನಗಂತೂ ಗೊತ್ತಿಲ್ಲ. ಆದರೂ ನಮ್ಮ ಬಿಲ್ಡಿಂಗಿನ ಎಲ್ಲ ಮನೆಗೂ ಪಾಯಸ ಕೊಟ್ಟು ಬಂದೆ!

ಟಿಕೆಟ್ ಆಗಿತ್ತು. ಇಲ್ಲದ್ದು ಒಂದೇ, ಅವಳ ಭಾರದ ಸಾಮಾನು ತಡೆಯುವ ಗಟ್ಟಿ ಬ್ಯಾಗು. ಆ ಕೆಲಸ ಮೈಮೇಲೆ ಎಳೆದುಕೊಂಡದ್ದು ಯಾರು? ನಮ್ಮ ಯಜಮಾನರು! ಗಲ್ಫಿಗೆ ಬಂದು ಇಲ್ಲಿನ ಶುವೈಖ್ ಬಂದರಿನ ಗೋದಾಮಿನಲ್ಲಿ ಜೀವಮಾನ ಪೂರ್ತಿ ಪೆಟ್ಟಿಗೆ ಎತ್ತಿಸಿದವರು. ಅಳಿಯನನ್ನು ಆರಿಸುವಾಗಲೂ ಇವರು ಇಷ್ಟು ತನಿಖೆ ಮಾಡಿರಲಿಲ್ಲ.

ಮೊದಲ ಅಂಗಡಿಯಲ್ಲಿ ಬ್ಯಾಗಿನ ಮೇಲೆ ಕೂತರು. ಕೂತವರು ಏಳಲೇ ಇಲ್ಲ. ಅಂಗಡಿಯವ ಕೈ ಮುಗಿದ: "ಚಾಚಾ, ಯೇ ಬ್ಯಾಗ್ ಹೈ, ಕುರ್ಸಿ ನಹೀ!" ಮತ್ತೊಂದು ಕಡೆ ಮೆಟ್ಟಿಲ ಮೇಲಿಂದ ಉರುಳಿಸಿದರು. "ಏರ್‌ಪೋರ್ಟಿನಲ್ಲಿ ಏನು, ಎತ್ತಿ ಮುದ್ದು ಮಾಡ್ತಾರಾ?" ಅಲ್ಲಿ ನಮಗೆ "ಯಲ್ಲಾ, ಖಲಾಸ್!" ಎಂದು ಬಾಗಿಲು ತೋರಿಸಿದರು.

ನನಗೋ ತಲೆ ಗಿರ್ರೆಂದಿತು. ವಿಮಾನಕ್ಕೆ ತೂಕ ಕಡಿಮೆ ಇರಬೇಕಂತೆ. ನೀರಿಗಿಳಿದರೆ ತೂಕ ಸಾಲದೆ ಸೊಂಟಕ್ಕೆ ಸೀಸ ಕಟ್ಟಬೇಕಂತೆ!

"ಸೀಸ ಅಲ್ಲೇ ಸಿಗ್ತದೆ ಅಜ್ಜಿ, ಡೋಂಟ್ ವರಿ."

ಸಿಗಲಿ, ಆದರೆ ಯಾಕೆ? ನನ್ನಷ್ಟು ದಪ್ಪಗಾದರೆ ಸಾಲದಾ?

ಕೊನೆಗೆ ಪುಳ್ಳಿಯೇ ಒಂದು ಬ್ಯಾಗು ತಂದಳು. ಅವಳು ಮಿಂದು ಬರುವಷ್ಟರಲ್ಲಿ ಇವರು ಅದರ ಅಡಿ ನೋಡಿ ಹೌಹಾರಿದರು. "ತೂತು! ಹೊಸ ಬ್ಯಾಗಿನಲ್ಲಿ ತೂತು!" ಗೋಣಿ ಹೊಲಿಯುವ ಸೂಜಿ ಹುಡುಕಿ ತೆಗೆದು ಎಲ್ಲ ತೂತನ್ನೂ ಹೊಲಿದೇಬಿಟ್ಟರು.

"ಅಜ್ಜಾ! ವಾಟ್ ಈಸ್ ದಿಸ್? ಅದು ನೀರು ಹೊರಗೆ ಹೋಗ್ಲಿಕ್ಕೆ ಇರೋದು!"

ಇವರು ಸೂಜಿ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ನೀರು ಹೊರಗೆ ಬರ್ಲಿಕ್ಕೆ ದಾರಿ ಇಟ್ಟಿದ್ದಾರೆ. ನೀನು ಹೊರಗೆ ಬರ್ಲಿಕ್ಕೆ ಏನು ಇಟ್ಟಿದ್ದಾರೆ ಮಗಾ?"

ಅವಳಿಗೆ ನಗು ಬಂತೋ ಅಳು ಬಂತೋ. ಒಳಗಿಂದ ತನ್ನ ಡೈವಿಂಗ್ ಜಾಕೆಟ್ ತಂದು ಅಜ್ಜನಿಗೇ ತೊಡಿಸಿ, ಅದರ ಪೈಪಿಗೆ ಬಾಯಿಟ್ಟು ಗಾಳಿ ಊದಿದಳು. ಇವರು ಪೂರಿಯ ಹಾಗೆ ಉಬ್ಬಿದರು!

"ಇದು ಇಟ್ಟಿದ್ದಾರೆ, ಅಜ್ಜಾ. ಇದು ನನ್ನನ್ನು ಮೇಲೆ ತರ್ತದೆ."

ಜಾಕೆಟ್ಟನ್ನು ಎಲ್ಲ ಕಡೆ ಒತ್ತಿ, ಜಗ್ಗಿ ನೋಡಿದರು. ಆಮೇಲೆ ಉಬ್ಬಿಕೊಂಡೇ ಕೂತು ತಾವು ಹಾಕಿದ ಹೊಲಿಗೆ ತಾವೇ ಬಿಚ್ಚಿದರು.

ಸಂಜೆ ಮಗಳು, ಅಳಿಯ ಕೆಲಸದಿಂದ ಬಂದ ಮೇಲೆ ಎಲ್ಲರೂ ನೆಲದಲ್ಲೇ ಸುತ್ತ ಕೂತು ಕೋಳಿ ಸಾರು ಹಾಕಿದ ಕೋರಿ ರೊಟ್ಟಿ ತಿಂದೆವು. ಇವರು ಜಾಕೆಟ್ ತೆಗೆಯಲು ಒಪ್ಪಲಿಲ್ಲ. "ಗಾಳಿ ಎಷ್ಟು ಹೊತ್ತು ನಿಲ್ತದೆ, ನೋಡ್ಬೇಕು." ಆ ಉಬ್ಬಿನಾಚೆ ಬಟ್ಟಲಿಗೆ ಕೈ ಎಟುಕಲಿಲ್ಲ. ಪುಳ್ಳಿಯೇ ತುತ್ತು ಮಾಡಿ ಅಜ್ಜನ ಬಾಯಿಗಿಟ್ಟಳು. ಊಟ ಮುಗಿಯುವವರೆಗೂ ಗಾಳಿ ಇಳಿಯಲಿಲ್ಲ.