ಇಮ್ಯಾಜಿನೇಷನ್ನಿನ ಜೊತೆಗಾರರು

ಇಂಗ್ಲಿಷಿನಲ್ಲಿ ಇಮ್ಯಾಜಿನೇಷನ್ ಎಂಬ ಪದ ಒಂಟಿಯಾಗಿ ಓಡಾಡುವುದು ಕಡಿಮೆ ಎಂಬುದು ನನ್ನ ಹಳೆಯ ಗುಮಾನಿ. ಅಮಲ್ದಾರರ ಮುಂದೆ ಜವಾನ ನಡೆಯುವಂತೆ ಅದರ ಮುಂದೆ ಯಾವುದಾದರೂ ಒಂದು ಪದ ನಡೆಯುತ್ತಿರುತ್ತದೆ. ಏಕೆ ಹೀಗೆ? ನಮ್ಮ ಕಲ್ಪನೆಗೆ ಇಂಥ ದರ್ಬಾರಿಲ್ಲ. "ಅದೆಲ್ಲ ನಿನ್ನ ಕಲ್ಪನೆ ಕಣೋ" ಎಂದರೆ ಮುಗಿಯಿತು. ಈ ಕುತೂಹಲ ನನಗೆ ಹತ್ತಿದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ. ಶನಿವಾರಸಂತೆ ಕಡೆಯವನಾದ ನಾನು ಆಗ ಪೊನ್ನಂಪೇಟೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಹಂಗಾಮಿ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಕೆಲಸ ಖಾಯಂ ಆದರೆ ಕ್ವಾರ್ಟರ್ಸ್ ಸಿಗುತ್ತಿತ್ತು. ಅಲ್ಲಿಯವರೆಗೆ ನಾನೂ ನನ್ನ ಹೆಂಡತಿಯೂ ಬೇರೆಯವರ ಮನೆಯ ಹಿಂದಿನ ಕೋಣೆಯಲ್ಲಿ ಅವರ ಒಲೆಯ ಹೊಗೆ ಕುಡಿದುಕೊಂಡಿದ್ದೆವು.

ಹೂಮಳೆ ಬಿದ್ದು ಕಾಫಿ ಹೂವರಳಿ ತೋಟ ಬೆಳ್ಳಗಾದಾಗ ರೈಟರು ಸುತ್ತಿ ಬಂದು ಈ ಸಲದ ಫಸಲಿನ ಅಂದಾಜು ಹೇಳುವುದು ಎಸ್ಟೇಟಿನ ವಾಡಿಕೆ. ನಾನು ಹೂವಿಗೆ ಮರುಳಾಗಿ, ಕಣದ ತುಂಬ ಕಾಫಿ ಒಣಗುತ್ತಿದೆ ಎನ್ನುವಂತೆ ವರ್ಣಿಸಿಬಿಟ್ಟೆ. ಮ್ಯಾನೇಜರು ಪೈಪು ಕೆಳಗಿಟ್ಟು, "ರೈಟರೇ, ನಿಮ್ಮದು ವಿವಿಡ್ ಇಮ್ಯಾಜಿನೇಷನ್" ಎಂದರು. ಓಡುತ್ತ ಮನೆಗೆ ಬಂದೆ.

"ಹಂಗಂದ್ರೆ ಏನ್ರೀ?" ಎಂದಳು ಹೆಂಡತಿ.

"ಕಣ್ಣಿಗೆ ಕಟ್ಟೋ ಅಂಥ ಕಲ್ಪನೆ."

"ಖಾಯಂ ಮಾಡ್ತಾರಂತಾ?"

"ಇನ್ನೇನು, ಆದ ಹಾಗೇ."

ಆದರೆ ಹೂವಿನ ಬೆನ್ನಿಗೆ ಇನ್ನೊಂದು ಮಳೆ ಬೀಳದಿದ್ದರೆ ಕಾಯಿ ಕಚ್ಚುವುದಿಲ್ಲ. ಆ ಮಳೆ ಬರಲೇ ಇಲ್ಲ. "ಬಂದೇ ಬರ್ತದೆ ಸಾರ್" ಎಂದೆ. "ಫರ್ಟೈಲ್ ಇಮ್ಯಾಜಿನೇಷನ್" ಎಂದರು. ಫಲವತ್ತಾದದ್ದು ಎಂದು ಡಿಕ್ಷನರಿ ಹೇಳಿತು, ಗಿಡಗಳು ಹೇಳಲಿಲ್ಲ. ಕೊಯ್ಲಿನ ಹೊತ್ತಿಗೆ ಮೆಲ್ಲಗೆ ಖಾಯಂ ವಿಚಾರ ಎತ್ತಿದರೆ, "ವೈಲ್ಡ್ ಇಮ್ಯಾಜಿನೇಷನ್" ಎಂದರು. ಅದಕ್ಕೆ ಡಿಕ್ಷನರಿ ಬೇಕಾಗಲಿಲ್ಲ.

ಮರುವರ್ಷ ಹೂ ಇನ್ನೂ ಜೋರಾಗಿತ್ತು. ನಾನು ನೆಲ ನೋಡಿಕೊಂಡೇ ತೋಟ ಸುತ್ತಿದೆ. "ಇನ್ನೊಂದು ಮಳೆ ಬೀಳಲಿ ಸಾರ್, ಆಮೇಲೆ ಹೇಳ್ತೇನೆ" ಎಂದೆ. ಮ್ಯಾನೇಜರು ನನ್ನನ್ನೇ ದಿಟ್ಟಿಸಿ, "ಈಗ ನಿಮಗೆ ಇಮ್ಯಾಜಿನೇಷನ್ನೇ ಇಲ್ಲ. ಒಳ್ಳೇದು. ಮುಂದಿನ ತಿಂಗಳು ಕ್ವಾರ್ಟರ್ಸಿಗೆ ಬನ್ನಿ" ಎಂದರು. ಆ ಪದ ಜೊತೆಗಾರನಿಲ್ಲದೆ ಒಂಟಿಯಾಗಿ ಬಂದದ್ದು ಅಂದೇ ಮೊದಲು. ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

"ನಂಗೆ ಕಲ್ಪನೆಯೇ ಇಲ್ವಂತೆ ಕಣೇ. ಅದಕ್ಕೇ ಖಾಯಂ ಮಾಡಿ ಮನೆ ಕೊಟ್ರು" ಎಂದೆ ಹೆಂಡತಿಗೆ.

ಆಕೆ ಜ್ವರ ಬಿಟ್ಟವನನ್ನು ನೋಡುವಂತೆ ನನ್ನನ್ನು ನೋಡಿದಳು. "ಸದ್ಯ, ಹೋಯ್ತಲ್ಲ. ಹೋದ ವರ್ಷವೇ ಹೋಗಿದ್ರೆ ಇಷ್ಟೊತ್ತಿಗೆ ಆ ಮನೆ ಹಿತ್ತಲಲ್ಲಿ ಬಸಳೆ ಚಪ್ಪರ ತುಂಬಿರೋದು. ಪಕ್ಕದಲ್ಲಿ ಹಸು. ಕರು ಬಸಳೆಗೆ ಬಾಯಿ ಹಾಕೋದು, ನಾನು ಓಡಿಸೋದು..."

ಆಕೆ ಆ ಹಿತ್ತಲನ್ನು ಒಮ್ಮೆಯೂ ಕಂಡವಳಲ್ಲ. ಆದರೂ ಆಕೆ ಹೇಳುತ್ತಿದ್ದಂತೆ ನನಗೆ ಕರುವಿನ ಬಾಯಲ್ಲಿದ್ದ ಎಲೆಯೂ ಕಂಡಿತು. ವಿವಿಡ್ ಎನ್ನಲು ಬಾಯಿ ತೆರೆದೆ. ಆದರೆ ನಾನೀಗ ಖಾಯಂ ರೈಟರು.

"ಮಳೆ ಬೀಳಲಿ, ನೋಡೋಣ" ಎಂದೆ.