ಗಾಳಿ ನೋಡುವ ಗಂಡ

ನಮ್ಮ ಮನೆಯವರಿಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೂ ಇಡೀ ಮಲ್ಲೇಶ್ವರದಲ್ಲಿ ಅವರಷ್ಟು ಊದುಬತ್ತಿ ಸುಡುವ ಮನುಷ್ಯ ಇನ್ನೊಬ್ಬರಿಲ್ಲ!

ಇವರು ರಕ್ತದ ಕಾಯಿಲೆಗಳ ಡಾಕ್ಟರು. ಚಾಮರಾಜಪೇಟೆಯ ಒಂದು ಹಳೇ ಧರ್ಮಾಸ್ಪತ್ರೆಯಲ್ಲಿ ಮೂಳೆಮಜ್ಜೆ ಕಸಿ ಮಾಡುವ ಕೋಣೆಯೊಂದನ್ನು ಕಟ್ಟಿಯೇ ತೀರುತ್ತೇನೆಂದು ಹೊರಟವರು. ಮೈಯಲ್ಲಿ ರಕ್ತವೇ ಸರಿಯಾಗಿ ಹುಟ್ಟದ ಮಕ್ಕಳಿಗೆ ಅಣ್ಣನದೋ ತಂಗಿಯದೋ ಮಜ್ಜೆ ಹೊಂದಿದರೆ ಅದನ್ನು ಏರಿಸಿ ಗುಣಪಡಿಸಬಹುದಂತೆ. ಆದರೆ ಅದು ಒಗ್ಗುವವರೆಗೆ ಮಗುವಿಗೆ ಒಂದು ನೆಗಡಿಯನ್ನು ತಡೆಯುವ ಶಕ್ತಿಯೂ ಇರುವುದಿಲ್ಲ. ಹಾಗಾಗಿ ಕೋಣೆಯ ಗಾಳಿ ಸದಾ ಒಳಗಿನಿಂದ ಹೊರಕ್ಕೆ ಹೋಗುತ್ತಿರಬೇಕು, ಹೊರಗಿನ ಗಾಳಿ ಒಳಗೆ ಬರಕೂಡದು. ಬಾಗಿಲ ಸಂದಿಯಲ್ಲಿ ಊದುಬತ್ತಿ ಹಿಡಿದರೆ ಹೊಗೆ ಎತ್ತ ಬಾಗುತ್ತದೆಂದು ತಿಳಿಯುತ್ತದೆ. ಈ ಪರೀಕ್ಷೆ ಆಸ್ಪತ್ರೆಯಲ್ಲೇ ಮುಗಿದಿದ್ದರೆ ನಾನೇಕೆ ಇದನ್ನೆಲ್ಲ ಬರೆಯುತ್ತಿದ್ದೆ?

ಸಂಪಿಗೆ ರಸ್ತೆಯ ಸೀರೆ ಅಂಗಡಿಯಲ್ಲಿ ನಾನು ಸೀರೆ ಬಿಡಿಸಿ ನೋಡುತ್ತಿದ್ದೆ. ಇವರು ಗಾಜಿನ ಬಾಗಿಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಊದುಬತ್ತಿ ಹಚ್ಚಿದ್ದರು. ಅಂಗಡಿಯವರು ಓಡಿ ಬಂದು, "ಸಾರ್, ಪೂಜೆ ಬೆಳಗ್ಗೇನೇ ಆಯ್ತು" ಎಂದರು. "ಪರವಾಗಿಲ್ಲ, ನಿಮ್ಮ ಗಾಳಿ ಚೆನ್ನಾಗಿ ಹೊರಗೆ ಹೋಗ್ತಿದೆ" ಎಂದು ಇವರು ಸರ್ಟಿಫಿಕೇಟ್ ಕೊಟ್ಟರು. ಈ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ನಾನು ಜರಿಯಂಚಿನಲ್ಲಿ ಮುಖ ಹುದುಗಿಸಿದೆ. "ಬಾರೇ ಇಲ್ಲಿ, ನೋಡು" ಎಂದು ಕರೆದೇಬಿಟ್ಟರು.

ಸುದ್ದಿ ಬೀದಿಯಲ್ಲಿ ಹಬ್ಬಿತು, ಹಬ್ಬುವಾಗ ಸ್ವಲ್ಪ ತಿರುಚಿಕೊಂಡಿತು. ಎದುರುಮನೆಯ ಅಜ್ಜಿ ಬಂದು ಪಿಸುಗುಟ್ಟಿದರು: "ನಿಮ್ಮನೆಯವ್ರು ಗಾಳಿ ನೋಡ್ತಾರಂತಲ್ಲಮ್ಮ? ನಮ್ಮ ಸೊಸೆಗೆ ಏನೋ ಗಾಳಿ ಸೋಕಿದ ಹಾಗಿದೆ." ಅಜ್ಜಿ ಹೇಳುತ್ತಿದ್ದದ್ದು ದೆವ್ವದ ಗಾಳಿ! ನಾನು ಬಾಯಿ ತೆರೆಯುವುದರೊಳಗೆ ಇವರು ಬಂದು ಗಂಭೀರವಾಗಿ ಕೇಳಿದರು, "ಒಳಗಡೆಯಿಂದ ಹೊರಗೆ ಹೋಗ್ತಿದ್ಯೋ, ಹೊರಗಡೆಯಿಂದ ಒಳಗೆ ಬರ್ತಿದ್ಯೋ?"

"ಹೊರಗಡೆಯಿಂದಾನೇ ಬಂದಿರೋದಪ್ಪ."

"ಹಾಗಾದ್ರೆ ಕಷ್ಟ."

ಮರುದಿನ ನಮ್ಮ ಬಾಗಿಲಲ್ಲಿ, ಸೊಸೆಯ ಗಾಳಿ ಬಿಡಿಸಲೆಂದು ಅಜ್ಜಿ ತಂದಿಟ್ಟ ನಿಂಬೆಹಣ್ಣು, ತೆಂಗಿನಕಾಯಿ. ಆ ಸೊಸೆ ಈಗಲೂ ನನ್ನನ್ನು ಕಂಡರೆ ದುರುಗುಟ್ಟುತ್ತಾಳೆ.

ನನ್ನ ತಂಗಿಯ ಮಗಳನ್ನು ನೋಡಲು ಗಂಡಿನವರು ಬಂದಾಗಲಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರನ್ನು ಕಂಡರೂ ಒಡಹುಟ್ಟಿದವರೆಷ್ಟು ಎಂದು ಕೇಳುವುದು ಇವರ ಚಾಳಿ. ಮಜ್ಜೆ ಹೊಂದಿದರೆ ಸಾಮಾನ್ಯವಾಗಿ ಅವರದೇ ತಾನೇ? "ಇವನೊಬ್ಬನೇ ಮಗ" ಎಂದು ಹುಡುಗನ ತಾಯಿ ಹೆಮ್ಮೆಯಿಂದ ಹೇಳಿದರು. ಇವರು ಕೇಸರಿಬಾತಿನ ತಟ್ಟೆ ಕೆಳಗಿಟ್ಟು, "ಅಯ್ಯೋ ಪಾಪ" ಎಂದರು. ಸಂಬಂಧ ಅಲ್ಲಿಗೇ ನಿಂತಿತು. ತಂಗಿ ಎಷ್ಟೋ ದಿನ ನನ್ನ ಫೋನೇ ಎತ್ತಲಿಲ್ಲ.

ಇಷ್ಟೆಲ್ಲ ಮಾನ ಹೋದರೂ ಕೋಣೆ ಎದ್ದಿದ್ದರೆ ಸಹಿಸಬಹುದಿತ್ತು. ಗಾಳಿ ಶುದ್ಧಮಾಡುವ ಯಂತ್ರ ಬಂತು, ಅದರ ಬಿಡಿಭಾಗ ವಿದೇಶದಿಂದ ಬರಲಿಲ್ಲ. ಇವರು ಕೂತು ಕಲಿಸಿದ ನರ್ಸುಗಳು ಕಲಿತ ಕೂಡಲೇ ವಿದೇಶಕ್ಕೆ ಹೋದರು. ಆಸ್ಪತ್ರೆಯ ಟ್ರಸ್ಟಿನ ಹಿರಿಯರು, "ಕಿಟಕಿ ತೆಗೆದ್ರೆ ತಂಪು ಗಾಳಿ ಬರುತ್ತಲ್ಲ ಡಾಕ್ಟ್ರೇ" ಎಂದರು. ಕರೆಂಟು ಹೋದಾಗಲೆಲ್ಲ ಹೊಗೆ ಒಳಕ್ಕೆ ತಿರುಗುತ್ತಿತ್ತು.

ಆ ಕೋಣೆಗಾಗಿ ಒಂದು ಪುಟ್ಟ ಹುಡುಗಿ ಕಾಯುತ್ತಿದ್ದಳು. ತಾಯಿ ಬಸವನಗುಡಿಯ ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವವಳು. ಹುಡುಗಿಗೆ ತಿಂಗಳು ತಿಂಗಳೂ ರಕ್ತ ಹಾಕಿಸಬೇಕು. ತಮ್ಮನ ಮಜ್ಜೆ ಹೊಂದಿತ್ತು. "ಎಲ್ಲೂ ಹೋಗ್ಬೇಡಮ್ಮ, ಇಲ್ಲೇ ಮಾಡ್ತೀನಿ" ಎಂದು ಇವರು ಮಾತು ಕೊಟ್ಟಿದ್ದರು. ಈಗ ಹಾಕಿಸಿದ ರಕ್ತದಿಂದಲೇ ಹುಡುಗಿಯ ಲಿವರಿನಲ್ಲಿ ಕಬ್ಬಿಣದ ಅಂಶ ಸೇರತೊಡಗಿತ್ತು. ಇನ್ನೂ ಕಾಯಿಸಿದರೆ ಕಸಿ ಮಾಡುವುದೇ ಅಪಾಯ. ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಕೊನೆಗೆ ಇವರೇ ಹೇಳಬೇಕಾಯಿತು. "ಅಲ್ಲಿ ನಮಗ್ಯಾರು ಗೊತ್ತು ಸಾರ್?" ಎಂದಳು ಆ ತಾಯಿ.

ಇವರು ರಜೆ ಹಾಕಿ, ಮೆಜೆಸ್ಟಿಕ್‌ನಲ್ಲಿ ಅವರ ಜೊತೆಗೇ ಬಸ್ಸು ಹತ್ತಿದರು. ಅಲ್ಲಿಂದ ಆ ತಾಯಿ ನನಗೆ ಫೋನು ಮಾಡಿದಳು. "ಸೇರಿಸ್ಕೊಂಡ್ರು ಮೇಡಂ. ಸಾರ್ ನಮ್ ಜೊತೆ ಬೆಳಗ್ಗೆಯಿಂದ ಕ್ಯೂನಲ್ಲೇ ನಿಂತಿದ್ರು. ಮಗುಗೆ ನೀವು ಏನಾಗ್ಬೇಕು ಅಂತ ಅಲ್ಲಿಯವ್ರು ಕೇಳಿದ್ದಕ್ಕೆ ದೊಡ್ಡಪ್ಪ ಅಂದ್ರು. ಡಾಕ್ಟ್ರು ಅಂತ ಹೇಳ್ಕೊಳ್ಳಲೇ ಇಲ್ಲ."

ಇವರು ಮನೆಗೆ ಬಂದ ಮೇಲೆ ಕೇಳಿದೆ. "ಯಾಕ್ರೀ, ಡಾಕ್ಟರ್ ಅಂದಿದ್ರೆ ಒಳಗಡೆ ಬಿಡ್ತಿರಲಿಲ್ವಾ?"

ಇವರು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತಿದ್ದರು. "ಒಂದು ರೂಮು ಕೊಡಕ್ಕಾಗದೇ ಇರೋನು ಯಾವ ಬಾಯಲ್ಲಿ ಡಾಕ್ಟರ್ ಅಂತ ಹೇಳ್ಕೊಳ್ಳಲಿ ಕಣೇ" ಎಂದರು. ತಲೆ ಎತ್ತಲಿಲ್ಲ.

ಬೀದಿಯವರೆಲ್ಲ ನೋಡುತ್ತಿದ್ದರೂ ನಾನು ಅವರ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತೆ. ಇಷ್ಟು ವರ್ಷ ಈ ಮನೆಯಲ್ಲಿ ನಾಚಿಕೆಪಡುವವಳು ನಾನೊಬ್ಬಳೇ ಅಂದುಕೊಂಡಿದ್ದೆ.